ಅಡ್ಡಗೆರೆ ಎಳೆದವರು

ಫೆಬ್ರವರಿ ಮೂರು, ಸೋಮವಾರ. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಕಂಟ್ರೋಲ್ ರೂಮಿನ ಗೋಡೆಯ ಮೇಲಿದ್ದ ಗಂಟೆಯ ಫಲಕ ಅರವತ್ತೊಂದರಿಂದ ನೇರ ಸೊನ್ನೆಗೆ ಬಿತ್ತು. ಯಾರೂ ಕೂಗಲಿಲ್ಲ. ಹೊಸ ವರ್ಷ ಬಂದಮೇಲೆ ಇದು ಆರನೇ ಸಲ. ದಿನಾ ಸಾಯೋರಿಗೆ ಅಳೋರ್ಯಾರು? ತಂತ್ರಜ್ಞೆ ನೇವಿಯಾ ಸಾಂಚಿನ್ ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು "ಬಿತ್ತು" ಎಂದಳು, ಅಷ್ಟೇ. ಹೊರಗೆ ಬೋರಾ ಎಂಬ ಚಳಿಗಾಳಿ ಕಾರ್ಸೊ ಗುಡ್ಡದ ಕಲ್ಲನ್ನೇ ಕಿತ್ತೊಯ್ಯುವ ಹಾಗೆ ಬೀಸುತ್ತಿತ್ತು.

ಆ ಫಲಕ ಹೇಳುತ್ತಿದ್ದುದು ಒಂದೇ ಮಾತು: ಉಂಗುರದೊಳಗೆ ಕಿರಣ ಎಷ್ಟು ಗಂಟೆಯಿಂದ ಕಡಿಯದೆ ಓಡುತ್ತಿದೆ ಎಂದು. ಪತ್ರಿಕೆಯವರು ಕಣವೇಗವರ್ಧಕ ಎಂದು ಬರೆಯುತ್ತಾರೆ, ಒಳಗೆ ದುಡಿಯುವವರು ಉಂಗುರ ಎನ್ನುತ್ತಾರೆ. ದಪ್ಪ ಕಾಂಕ್ರೀಟಿನ ಸುರಂಗದೊಳಗೆ ಎಲೆಕ್ಟ್ರಾನುಗಳು ಸುತ್ತು ಹೊಡೆಯುತ್ತವೆ. ಮ್ಯಾಗ್ನೆಟ್ಟುಗಳು ಅವುಗಳ ಕಿವಿ ಹಿಂಡಿ ದಾರಿ ತಿರುಗಿಸಿದಾಗಲೆಲ್ಲ ಬೆಳಕು ಚಿಮ್ಮುತ್ತದೆ. ಆ ಬೆಳಕಿನಲ್ಲಿ ತಮ್ಮ ಹರಳನ್ನೋ ಔಷಧಿಯನ್ನೋ ಹಿಡಿದು ನೋಡಲು ದೇಶದೇಶಗಳಿಂದ ಸಂಶೋಧಕರು ಬಂದು ಸರದಿ ನಿಲ್ಲುತ್ತಾರೆ. ಹಳೆಯ ಉಂಗುರ ಮೂವತ್ತೊಂದು ವರ್ಷ ಓಡಿತು. ಆಮೇಲೆ ಹದಿನಾಲ್ಕು ತಿಂಗಳು ಎಲ್ಲವನ್ನೂ ನಿಲ್ಲಿಸಿ ಅದರ ಕರುಳು ಬಗೆದು ಹೊಸ ಮ್ಯಾಗ್ನೆಟ್ಟು, ಹೊಸ ತಾಮ್ರ, ಹೊಸ ವಿದ್ಯುತ್ ಪೆಟ್ಟಿಗೆಗಳನ್ನು ಕೂಡಿಸಿದರು. ಬೆಳಕು ನೂರು ಪಟ್ಟು ಹೆಚ್ಚಿತು, ನಿಜ. ಬೀಳದೆ ಓಡುವುದೊಂದನ್ನು ಬಿಟ್ಟು ಉಳಿದೆಲ್ಲ ಅದಕ್ಕೆ ಬರುತ್ತಿತ್ತು.

"ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂತ ಹಳೇ ಮ್ಯಾಗ್ನೆಟ್ ವಾಪಸ್ ತರ್ತೀರೇನ್ರಪ್ಪಾ?" ಎಂದು ಕ್ಯಾಂಟೀನಿನ ಓರ್ನೆಲ್ಲಾ ದಿನಕ್ಕೊಮ್ಮೆಯಾದರೂ ಕೆಣಕುತ್ತಿದ್ದಳು. ಮೊದಮೊದಲು ಎಲ್ಲರೂ ನಗುತ್ತಿದ್ದರು.

ಅಲ್ಲಿ ಒಂದು ಪದ್ಧತಿ ಇತ್ತು. ಹೊಸ ಉಂಗುರ ಎರಡು ವಾರ, ಅಂದರೆ ಮುನ್ನೂರ ಮೂವತ್ತಾರು ಗಂಟೆ, ಒಮ್ಮೆಯೂ ಬೀಳದೆ ಓಡಿದರೆ ಮಾತ್ರ ಅದು ಹುಟ್ಟಿದ ಲೆಕ್ಕ. ಅಲ್ಲಿಯವರೆಗೆ ಯಾರೂ ಅದನ್ನು ಹೊಗಳುವಂತಿಲ್ಲ. ಓಡಿದ ದಿನ ಎಲ್ಲರೂ ಕೂಡಿ ತೆರಾನೊ ಎಂಬ ಕೆಂಪು ದ್ರಾಕ್ಷಾರಸ ಕುಡಿಯಬೇಕು, ಮೊದಲ ಲೋಟ ತುಂಬುವವರು ಕೆಲಸಗಾರರಲ್ಲಿ ಎಲ್ಲರಿಗಿಂತ ಹಿರಿಯರು. ಈಗ ಹಿರಿಯರೆಂದರೆ ಮಿರೊ ಪೆರ್ತೊತ್. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ, ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಮೇಸ್ತ್ರಿ. ಹಳೆಯ ಉಂಗುರ ಹುಟ್ಟಿದಾಗ ಲೋಟ ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದ ಮನುಷ್ಯ. ಇದೇ ಫೆಬ್ರವರಿ ಇಪ್ಪತ್ತೆಂಟಕ್ಕೆ ಅವರ ನಿವೃತ್ತಿ. ಅಷ್ಟರೊಳಗೆ ಮುನ್ನೂರ ಮೂವತ್ತಾರು ನೋಡಿ ಹೋಗಬೇಕು ಎಂಬುದೊಂದೇ ಅವರ ಆಸೆ. ಅವರು ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಕಂಟ್ರೋಲ್ ರೂಮಿಗೆ ಬಂದಾಗಲೆಲ್ಲ ಯಾರ ಮುಖವನ್ನೂ ನೋಡುವ ಮೊದಲು ಗೋಡೆಯ ಫಲಕ ನೋಡುತ್ತಿದ್ದರು.

ಆ ಸೋಮವಾರವೂ ನೋಡಿದರು. "ಸರಿ, ನಡೀರಿ ಒಳಗೆ" ಎಂದರು.

ಸುರಂಗಕ್ಕೆ ಹೋಗುವ ಪ್ರತಿಯೊಬ್ಬರೂ ಬಾಗಿಲ ಬಳಿಯ ಹಲಗೆಯಿಂದ ತಮ್ಮ ಹೆಸರಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಒಂದೇ ಒಂದು ಕೀಲಿ ಹಲಗೆಗೆ ಮರಳದಿದ್ದರೂ ಯಂತ್ರ ಏಳುವುದಿಲ್ಲ. ಮೇಸ್ತ್ರಿ, ನೇವಿಯಾ, ಯಂತ್ರ ಓಡಿಸುವ ಹೊಣೆ ಹೊತ್ತ ಇಂಜಿನಿಯರ್ ತುಲ್ಲಿಯೊ ವಿಸಿಂತಿನ್, ಮೂವರೂ ಕೀಲಿ ತೆಗೆದು ಒಳಗೆ ಹೋದರು. ಹಿಂದಿನ ಐದು ಸಲವೂ ಏಳನೇ ಭಾಗದ ಯಾವುದೋ ಬಿಸಿ-ಗುಂಡಿ, ಅಂದರೆ ತಾಮ್ರ ಕಾದರೆ ತಾನಾಗಿ ಆರುವ ಸ್ವಿಚ್ಚು, ಕರೆಂಟು ಕಡಿದಿತ್ತು, ಹೋಗಿ ನೋಡಿದರೆ ಎಲ್ಲ ತಣ್ಣಗೆ, ಎಲ್ಲ ಸರಿ. ಈ ಸಲ ಹಾಗಾಗಲಿಲ್ಲ. ಏಳನೇ ಭಾಗಕ್ಕೆ ಬರುವ ಮೊದಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಎರಡು ಮ್ಯಾಗ್ನೆಟ್ಟುಗಳ ನಡುವೆ ತಾಮ್ರದ ಪಟ್ಟಿ ಕೂಡುವ ಒಂದು ಜೋಡಣೆ ಕಪ್ಪಗೆ ಕರಕಲಾಗಿ ಕೂತಿತ್ತು.

"ಸಡಿಲ ಇತ್ತು" ಎಂದರು ಮೇಸ್ತ್ರಿ, ಬಗ್ಗಿ ನೋಡಿ. "ಸರಿಯಾಗಿ ಬಿಗಿದಿಲ್ಲ. ಹಳೇದಾಗಿದ್ರೆ ಹೇಗೋ ತಡ್ಕೊಳ್ತಿತ್ತು. ಇದರಲ್ಲಿ ಓಡೋದು ಅದರ ಎರಡರಷ್ಟು ಕರೆಂಟು."

"ಯಾರದ್ದು ಇದು?" ಎಂದ ತುಲ್ಲಿಯೊ.

ಅದನ್ನು ಹೇಳಬೇಕಾದ್ದು ಬಣ್ಣ. ಮೇಸ್ತ್ರಿ ಹಾಕಿಕೊಟ್ಟ ಪದ್ಧತಿ ಅದು: ಬೋಲ್ಟು ಬಿಗಿದವರು ಬೋಲ್ಟಿನ ತಲೆಯಿಂದ ಪಟ್ಟಿಯವರೆಗೆ ತಮ್ಮ ಬಣ್ಣದ ಉದ್ದಗೆರೆ ಎಳೆಯಬೇಕು. ಇನ್ನೊಬ್ಬರು ತಮ್ಮ ಸ್ಪ್ಯಾನರಿನಿಂದ ಅದನ್ನು ಮತ್ತೆ ಪರೀಕ್ಷಿಸಿ ತಮ್ಮ ಬಣ್ಣದ ಅಡ್ಡಗೆರೆ ಎಳೆಯಬೇಕು. ಬಣ್ಣ ಎಂದರೆ ಹೆಂಗಸರು ಉಗುರಿಗೆ ಹಚ್ಚುವ ಬಣ್ಣವೇ, ಲೋಹಕ್ಕೆ ಅದರಷ್ಟು ಗಟ್ಟಿ ಕೂರುವುದು ಬೇರೆ ಇಲ್ಲ. ಮೇಸ್ತ್ರಿಯದು ಕೆಂಪು. ಮೊದಲ ಶೀಶೆಯನ್ನು ತೀರಿಹೋದ ಹೆಂಡತಿ ಜೋರಾಳ ಕನ್ನಡಿ ಮುಂದಿನಿಂದ ತಂದದ್ದಂತೆ. ನೇವಿಯಾಳದು ಹಸಿರು. ಉದ್ದಗೆರೆ ಒಡೆದಿಲ್ಲವೆಂದರೆ ಬೋಲ್ಟು ಅಲುಗಿಲ್ಲ ಎಂದಷ್ಟೇ ಅರ್ಥ, ಮೊದಲಿಗೇ ಸರಿಯಾಗಿ ಬಿಗಿದಿತ್ತೇ ಎಂಬುದಕ್ಕೆ ಜವಾಬು ಕೊಡುವುದು ಅಡ್ಡಗೆರೆ. ಈ ಜೋಡಣೆಯಲ್ಲಿ ಎರಡೂ ಸುಟ್ಟು ಹೋಗಿದ್ದವು.

"ಏಳನೇ ಭಾಗ ನಾವಿಬ್ಬರೇ ಮಾಡಿದ್ದು. ಇದನ್ನ ಯಾರು ಬಿಗಿದ್ರು, ಯಾರು ನೋಡಿದ್ರು ಅಂತ ಈಗ ಹೇಳೋಕಾಗಲ್ಲ" ಎಂದರು ಮೇಸ್ತ್ರಿ.

"ಹೋಗ್ಲಿ ಬಿಡಿ ಮೇಸ್ತ್ರಿ. ಒಂದು ಸುಟ್ಟಿದೆ, ಬದಲಾಯಿಸೋಣ. ನೂರ ತೊಂಬತ್ತೆರಡು ಜೋಡಣೆಯಲ್ಲಿ ಒಂದು ತಾನೇ" ಎಂದ ತುಲ್ಲಿಯೊ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನೇವಿಯಾಳ ಕೈ ತಾನಾಗಿ ಜೇಬಿನಲ್ಲಿದ್ದ ಹಸಿರು ಶೀಶೆಯನ್ನು ಮುಟ್ಟಿಕೊಂಡಿತು. ಇದು ಮೇಸ್ತ್ರಿ ಬಿಗಿದದ್ದು ಎಂದು ಅವಳ ಮನಸ್ಸು ಆಗಲೇ ತೀರ್ಪು ಕೊಟ್ಟಾಗಿತ್ತು.

ಅದಕ್ಕೆ ಕಾರಣ ಅಕ್ಟೋಬರಿನ ಒಂದು ಮಧ್ಯಾಹ್ನ. ಮೇಸ್ತ್ರಿಯ ಬಲಗೈ ನಡುಗಲು ಶುರುವಾದದ್ದು ಅದಕ್ಕೂ ಮುಂಚೆ, ವಸಂತದಲ್ಲಿ. ಮೊದಲು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. ಆಮೇಲೆ ಎಲ್ಲರೆದುರು ಕಾಫಿ ಕುಡಿಯುವುದನ್ನೇ ಬಿಟ್ಟರು. ಯಾರೂ ಕೇಳಲಿಲ್ಲ, ಎಲ್ಲರೂ ಬೇರೆ ಕಡೆ ನೋಡುವುದನ್ನು ಕಲಿತರು. ಏಳನೇ ಭಾಗದ ಹದಿನಾರು ಜೋಡಣೆಗಳನ್ನು ಅವರಿಬ್ಬರೂ ಇಕ್ಕಟ್ಟಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತು ಬಿಗಿದರು. ಯಾರ ಕೈಗೆ ಯಾವುದು ಹತ್ತಿರವೋ ಅವರು ಅದನ್ನು ಬಿಗಿಯುವುದು, ಯಾರೂ ಲೆಕ್ಕವಿಡಲಿಲ್ಲ. ಮೇಸ್ತ್ರಿಯ ಸ್ಪ್ಯಾನರು ಬೋಲ್ಟಿನ ತಲೆಯಿಂದ ಜಾರುತ್ತಿತ್ತು. ಒಮ್ಮೆ, ಎರಡು ಸಲ, ಕೆಲವಕ್ಕೆ ಮೂರು ಸಲ. ನೇವಿಯಾ ಅದನ್ನು ನೋಡುತ್ತಿದ್ದಳು. ಪಕ್ಕದಲ್ಲೇ ಹೊಸಬರಿಬ್ಬರು ವೈರು ಎಳೆಯುತ್ತಿದ್ದರು. ಅವರ ಕಣ್ಣೆದುರಿಗೆ, ತನಗೆ ಕೈಹಿಡಿದು ಕಲಿಸಿದವರ ಕೆಲಸದ ಮೇಲೆ ತಾನು ಸ್ಪ್ಯಾನರಿಟ್ಟು ಒತ್ತಿ ನೋಡುವುದೇ? ಅದು ಸಡಿಲವಾಗಿ ತಿರುಗಿಬಿಟ್ಟರೆ ಅವರ ಮುಖ ಹೇಗೆ ನೋಡುವುದು? ಅವಳು ಸ್ಪ್ಯಾನರು ಕೆಳಗಿಟ್ಟು ಬರೀ ಹಸಿರು ಅಡ್ಡಗೆರೆ ಎಳೆದಳು. ಒಂದಕ್ಕಲ್ಲ, ಅವರು ಬಿಗಿದ ಎಲ್ಲದಕ್ಕೂ. ಅತಿ ಸ್ನೇಹ ಗತಿ ಕೇಡು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ಸುಟ್ಟದ್ದನ್ನು ಬದಲಾಯಿಸಿ ಮಂಗಳವಾರ ಯಂತ್ರ ಎಬ್ಬಿಸಿದರು. ಫಲಕ ಮತ್ತೆ ಒಂದರಿಂದ ಏರತೊಡಗಿತು. ಹದಿನೆಂಟನೇ ತಾರೀಖಿಗೆ ಎರಡು ವಾರ, ಮೇಸ್ತ್ರಿ ಹೋಗುವುದಕ್ಕೆ ಇನ್ನೂ ಹತ್ತು ದಿನ ಉಳಿಯುತ್ತದೆ ಎಂದು ಎಲ್ಲರೂ ಬೆರಳು ಮಡಿಸಿದರು. ನೇವಿಯಾ ದೇವರಿಗೆ ಹರಕೆ ಹೊರುವವಳಲ್ಲ. ಆದರೂ ಆ ಐದು ದಿನ ಬಸ್ಸಿಳಿದು ಬರುವಾಗಲೆಲ್ಲ ಮನಸ್ಸಿನಲ್ಲೇ, ಅವರು ಹೋಗುವವರೆಗೆ ಬೀಳಬೇಡ, ಆಮೇಲೆ ನಾನೇ ಎಲ್ಲ ಬಿಚ್ಚಿ ನೋಡುತ್ತೇನೆ ಎಂದು ಬೇಡಿಕೊಂಡಳು.

ಭಾನುವಾರ, ನೂರ ಹದಿನೆಂಟಕ್ಕೆ, ಅದು ಬಿತ್ತು. ಮತ್ತೆ ಏಳನೇ ಭಾಗ.

ಸೋಮವಾರ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಪೋಲೆಂಡಿನಿಂದ ಬಂದಿದ್ದ ಸಂಶೋಧಕಿಯೊಬ್ಬಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಮೂರು ವರ್ಷ ಬೆಳೆಸಿದ ಹರಳು ತಂದಿದ್ದಳಂತೆ, ಅದು ಕೆಡದೆ ಇರುವುದು ವಾರ ಮಾತ್ರ. ಅವಳ ಸರದಿ ಇದ್ದದ್ದು ಶನಿವಾರದಿಂದ. ಓರ್ನೆಲ್ಲಾ ಬಿಸಿ ಬಿಸಿ ಬೀನ್ಸ್ ಕಾಳಿನ ಯೋತಾ ಸಾರನ್ನು ತಂದು ಅವಳ ಮುಂದಿಟ್ಟು, ತಮಾಷೆ ಮಾಡದೆ ಹಾಗೇ ಹಿಂದೆ ಸರಿದಳು.

ಹತ್ತು ಗಂಟೆಗೆ ತುಲ್ಲಿಯೊ ಹತ್ತು ಮಂದಿಯನ್ನು ಕೂಡಿಸಿದ. ಮೇಸ್ತ್ರಿ ಆ ಹೊತ್ತಿಗೆ ವೈದ್ಯರ ಬಳಿ ಹೋಗಿದ್ದರು.

"ಕೇಳ್ರಪ್ಪಾ, ಈ ಬಿಸಿ-ಗುಂಡಿ ಎಪ್ಪತ್ತು ಡಿಗ್ರಿಗೆ ಕಡಿಯುತ್ತೆ. ಏಳನೇ ಭಾಗದ್ದನ್ನ ತೊಂಬತ್ತಕ್ಕೆ ಏರಿಸೋಣ. ತಾಮ್ರ ತಡ್ಕೊಳ್ಳುತ್ತೆ. ನಾಳೆ ಎಬ್ಬಿಸಿದ್ರೆ ಇಪ್ಪತ್ತೈದಕ್ಕೆ ಎರಡು ವಾರ. ಮೇಸ್ತ್ರಿ ಲೋಟ ತುಂಬಿ ಹೋಗ್ತಾರೆ. ಮಾರ್ಚಲ್ಲಿ ನಿಧಾನವಾಗಿ ಬಿಚ್ಚಿ ನೋಡ್ಕೊಳ್ಳೋಣ."

"ಮೊದಲ ಸಲ ನಮ್ಮೂರಲ್ಲಿ ಒಬ್ಬ ಇಂಜಿನಿಯರ್ ಬಾಯಲ್ಲಿ 'ಆಗಲ್ಲ' ಬಿಟ್ಟು ಬೇರೆ ಮಾತು ಬಂತು" ಎಂದು ಯಾರೋ ಹಿಂದಿನಿಂದ ಹೇಳಿದರು. ನಗು ಎದ್ದಿತು. ಎಲ್ಲರೂ ತಲೆಯಾಡಿಸಿದರು. ಮೇಸ್ತ್ರಿಯ ಮೇಲೆ ಪ್ರೀತಿ ಇಲ್ಲದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಆ ಜೋಡಣೆಗಳ ಪಕ್ಕದಲ್ಲೇ ತಂಪು ನೀರಿನ ರಬ್ಬರು ಕೊಳವೆ ಹಾದುಹೋಗುತ್ತದೆ, ಅದು ಕರಗಿದರೆ ಇಡೀ ಸುರಂಗಕ್ಕೆ ನೀರು ಎಂಬುದು ಗೊತ್ತಿಲ್ಲದವರೂ ಇರಲಿಲ್ಲ. ನೇವಿಯಾಳೂ ತಲೆಯಾಡಿಸಿದಳು. ಅಯ್ಯೋ, ಆಡಿಸಿಯೇ ಬಿಟ್ಟಳು! ಹೊರಗೆ ಬಂದಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಧ್ಯಾಹ್ನ ರಜೆ ಹಾಕಿ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದಳು. ಅವರು ಮನೆಯಲ್ಲಿರಲಿಲ್ಲ. ಹಳ್ಳಿಯ ಕವಲುದಾರಿಯಲ್ಲಿ ಐವಿ ಬಳ್ಳಿಯ ಗೊಂಚಲು ಕಟ್ಟಿತ್ತು, ಅಂದರೆ ಯಾವುದೋ ರೈತ ತನ್ನ ಮನೆಯ ದ್ರಾಕ್ಷಾರಸದ ಪೀಪಾಯಿ ತೆರೆದು ಮಾರುತ್ತಿದ್ದಾನೆ. ಬಾಣದ ಗುರುತು ಹಿಡಿದು ಹೋದರೆ ಅಲ್ಲಿ ಅಂಗಳದ ಮೂಲೆಯಲ್ಲಿ, ಗಾಳಿಗೆ ಬೆನ್ನು ಹಾಕಿ ಮೇಸ್ತ್ರಿ ಒಬ್ಬರೇ ಕೂತಿದ್ದರು. ಮುಂದೆ ಹಂದಿಮಾಂಸದ ತೆಳು ಹೋಳುಗಳು, ಬೆಂದ ಮೊಟ್ಟೆ, ಅರ್ಧ ತುಂಬಿದ ಲೋಟ. ಪೂರ್ತಿ ತುಂಬಿದರೆ ತುಳುಕುತ್ತದೆ.

"ಬಾ ಹುಡುಗಿ, ಕೂತ್ಕೊ. ಡಾಕ್ಟರು ಕುಡೀಬೇಡಿ ಅಂದ. ಅದಕ್ಕೇ ಹಬ್ಬ ಮಾಡ್ತಾ ಇದೀನಿ."

ನೇವಿಯಾ ಕೂತಳು. ನಲವತ್ತಮೂರು ವರ್ಷದವಳನ್ನು ಹುಡುಗಿ ಎಂದು ಕರೆಯುವವರು ಅವಳಿಗೆ ಇದ್ದದ್ದು ಅವರೊಬ್ಬರೇ.

"ಮೇಸ್ತ್ರಿ, ಏಳನೇ ಭಾಗದಲ್ಲಿ ನೀವು ಬಿಗಿದಿದ್ದನ್ನ ನಾನು ನೋಡಲಿಲ್ಲ."

"ಯಾವುದನ್ನ?"

"ಒಂದನ್ನೂ. ಸುಮ್ನೆ ಅಡ್ಡಗೆರೆ ಎಳೆದೆ."

ಮೇಸ್ತ್ರಿ ಬಾಯಿಗೆ ಹೋಗುತ್ತಿದ್ದ ಹೋಳನ್ನು ತಟ್ಟೆಗೆ ಮರಳಿಸಿದರು. "ಯಾಕೆ?"

ಅವಳ ಕಣ್ಣು ಒಂದು ಕ್ಷಣ ಅವರ ಬಲಗೈಯ ಮೇಲೆ ಹೋಗಿ ಬಂತು. ಮೇಸ್ತ್ರಿ ಅದನ್ನು ನೋಡಿದರು.

"ಓ. ಪಾಪ ಅನ್ನಿಸ್ತು."

"ಹಾಗಲ್ಲ ಮೇಸ್ತ್ರಿ, ಆ ಹೊಸಬರ ಮುಂದೆ..."

"ಹಾಗೇ! ಹತ್ತೊಂಬತ್ತು ವರ್ಷ ಕಲಿಸಿದೆನಲ್ಲ ನಿನಗೆ, ಪಾಪ ಅನ್ನೋ ಪಾಠ ಯಾವತ್ತು ಹೇಳ್ಕೊಟ್ಟೆ? ನನ್ನ ಕೈ ನಡುಗುತ್ತೆ ಅಂತ ನನಗೆ ಗೊತ್ತಿಲ್ವಾ? ಗೊತ್ತಿದ್ದೇ ಅಲ್ಲಿ ಕೂತಿದ್ದೆ. ಹಿಂದೆ ನೋಡೋಕೆ ನೀನಿದೀಯ ಅನ್ನೋ ಧೈರ್ಯದ ಮೇಲೆ ಕೂತಿದ್ದೆ." ಅವರ ದನಿ ಏರಿತು, ಒಳಗಿನಿಂದ ರೈತನ ಹೆಂಡತಿ ಇಣುಕಿ ನೋಡಿದಳು. "ನಾಯಿಗೆ ಹಾಕೋ ಕನಿಕರ ನನಗೆ ಹಾಕಿದೆ ನೀನು."

ನೇವಿಯಾ ಅತ್ತಳು. ಮೇಸ್ತ್ರಿ ಸಮಾಧಾನ ಮಾಡಲಿಲ್ಲ. ದೂರದ ಕೊಲ್ಲಿಯ ಮೇಲೆ ಗಾಳಿ ಎಬ್ಬಿಸುತ್ತಿದ್ದ ಬಿಳಿ ನೊರೆಯನ್ನೇ ನೋಡುತ್ತ ಕೂತರು. ಅವಳು ಮೂಗು ಒರೆಸಿಕೊಂಡು ಬೆಳಗಿನ ಸಭೆಯ ಸಂಗತಿಯನ್ನೂ ಹೇಳಿದಳು, ತೊಂಬತ್ತು ಡಿಗ್ರಿಯ ಮಾತನ್ನೂ.

"ನನಗೋಸ್ಕರ ಅಂತೆ?"

"ಹೂಂ."

"ಥೂ!" ಎಂದರು ಮೇಸ್ತ್ರಿ. ಆಮೇಲೆ ಮೆಲ್ಲಗೆ, "ನಾಳೆ ಎಲ್ಲರೆದುರು ಹೇಳು. ನಾನು ಹೇಳಿದ್ರೆ ಮುದುಕನ ದೊಡ್ಡತನ ಅಂತಾರೆ, ಯಾರೂ ನಂಬಲ್ಲ. ನೀನೇ ಹೇಳ್ಬೇಕು. ನನ್ನದೂ ಒಂದು ಮಾತಿದೆ, ಅದನ್ನ ಅಲ್ಲೇ ಹೇಳ್ತೀನಿ."

"ನಿಮ್ಮ ಹೆಸರು ಹೋಗುತ್ತೆ ಮೇಸ್ತ್ರಿ."

"ಹೋದ್ರೆ ಹೋಗುತ್ತೆ. ಸುಳ್ಳು ಗೆರೆ ಮೇಲೆ ನಿಂತಿರೋ ಹೆಸರು ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?"

ಮರುದಿನ ಸಭೆಯಲ್ಲಿ ನೇವಿಯಾ ಎದ್ದು ನಿಂತು ಹೇಳಿದಳು. ಒಂದನ್ನೂ ಬಿಡಲಿಲ್ಲ. ಯಾರೂ ಮೇಸ್ತ್ರಿಯ ಕಡೆ ತಿರುಗಲಿಲ್ಲ. ಆಗ ಮೇಸ್ತ್ರಿ ಕೂತಲ್ಲಿಂದಲೇ, "ಅವಳು ಬಿಗಿದಿದ್ದನ್ನ ನಾನೂ ನೋಡಿಲ್ಲ. ಬರೀ ಕೆಂಪು ಗೆರೆ ಎಳೆದಿದೀನಿ" ಎಂದರು.

ತುಲ್ಲಿಯೊನ ಮುಖ ಕೆಂಪೇರಿತು. "ಅಂದ್ರೆ ಏಳನೇ ಭಾಗದಲ್ಲಿ ಒಂದೂ ನೋಡಿಲ್ಲ! ಹದಿನಾರಕ್ಕೆ ಹದಿನಾರೂ! ಆರು ಸಲ, ಏಳು ಸಲ ಬಿತ್ತು, ನೀವಿಬ್ರೂ ಬಾಯಿ ಮುಚ್ಕೊಂಡು ಕೂತಿದ್ರಿ. ಆ ಪೋಲೆಂಡ್ ಹೆಂಗಸಿಗೆ ನಾನೇನು ಹೇಳ್ಲಿ? ಹೇಳು ನೇವಿಯಾ, ನೀನೇ ಹೋಗಿ ಹೇಳ್ತೀಯಾ?" ಆಮೇಲೆ ತಾನು ನಿನ್ನೆ ಹೇಳಿದ್ದು ನೆನಪಾಗಿರಬೇಕು, ದನಿ ಇಳಿಯಿತು. "ಏಳನೇದು ಮಾತ್ರ ಅಲ್ಲ. ಇಡೀ ಉಂಗುರ ಬಿಚ್ಚಿ. ನೂರ ತೊಂಬತ್ತೆರಡೂ ನೋಡಿ. ಎಷ್ಟು ದಿನ ಆಗುತ್ತೋ ಆಗ್ಲಿ."

ಅಲ್ಲಿಗೆ ಮೇಸ್ತ್ರಿಯ ಎರಡು ವಾರ ಮುಗಿದಂತೆಯೇ. ಲೆಕ್ಕ ಬರುವ ಯಾರಿಗಾದರೂ ಅದು ಗೊತ್ತಾಯಿತು. ನೇವಿಯಾ ಹೋಗಿ ಪೋಲೆಂಡಿನ ಹೆಂಗಸಿಗೂ ಹೇಳಿದಳು. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಮೊದಲು ತೆರೆದದ್ದು ಏಳನೇ ಭಾಗವನ್ನೇ. ತುಲ್ಲಿಯೊ ಪುಸ್ತಕ ಹಿಡಿದು ಕೂತ. ಸುಟ್ಟದ್ದು ಬಿಟ್ಟು ಹದಿನೈದು ಜೋಡಣೆ: ಒಂಬತ್ತರ ಮೇಲೆ ಕೆಂಪು ಉದ್ದಗೆರೆ, ಆರರ ಮೇಲೆ ಹಸಿರು. ಕೆಂಪಿನವನ್ನು ನೇವಿಯಾ ನೋಡಬೇಕು. ಅವರು ಬಳಸುವ ಸ್ಪ್ಯಾನರಿಗೆ ಒಂದು ಗುಣವಿದೆ. ಬಿಗಿ ಸಾಕಾದ ಕ್ಷಣ ಅದು ಟಕ್ ಎನ್ನುತ್ತದೆ, ಅಲ್ಲಿಯವರೆಗೆ ಎಷ್ಟು ತಿರುಗಿಸಿದರೂ ಸದ್ದಿಲ್ಲ. ಅವಳು ಮೊದಲ ಬೋಲ್ಟಿನ ಮೇಲೆ ಇಟ್ಟು, ಉಸಿರು ಹಿಡಿದು, ಒತ್ತಿದಳು.

ಟಕ್.

ಕೂದಲೆಳೆಯಷ್ಟೂ ತಿರುಗಲಿಲ್ಲ. ಎರಡನೆಯದು, ಟಕ್. ಮೂರನೆಯದು, ಟಕ್. ಒಂಬತ್ತು ಜೋಡಣೆ, ಮೂವತ್ತಾರು ಬೋಲ್ಟು, ಒಂದೂ ಅಲುಗಲಿಲ್ಲ. ನೇವಿಯಾಳಿಗೆ ಕುಣಿಯಬೇಕೆನ್ನಿಸಿತು. "ಎಲ್ಲ ಸರಿ ಇದೆ ಮೇಸ್ತ್ರಿ! ಎಲ್ಲಾ ಸರಿ ಇದೆ!"

ಮೇಸ್ತ್ರಿ ತಮ್ಮ ಸ್ಪ್ಯಾನರು ತೆಗೆದುಕೊಂಡು ಹಸಿರು ಗೆರೆಯ ಮುಂದೆ ಮಂಡಿಯೂರಿದರು. ಸ್ಪ್ಯಾನರು ಒಮ್ಮೆ ಜಾರಿತು. ಇನ್ನೊಮ್ಮೆ ಜಾರಿತು. ಮೂರನೇ ಸಲ ಕೂತಿತು. ಎಳೆದರು. ಸದ್ದಿಲ್ಲ. ಇನ್ನೂ ಎಳೆದರು. ಸ್ಪ್ಯಾನರು ಗೋಡೆಯ ಕಡೆಯಿಂದ ತಮ್ಮ ಎದೆಯವರೆಗೆ ಸಲೀಸಾಗಿ ಬಂತು, ಹಸಿರು ಗೆರೆ ಪಟ್ ಎಂದು ಒಡೆದು ಎರಡಾಯಿತು, ಟಕ್ ಮಾತ್ರ ಬರಲಿಲ್ಲ.

ತುಲ್ಲಿಯೊನ ಪೆನ್ನು ನಿಂತಿತು. "ಮೇಸ್ತ್ರಿ, ಅದು ಕೆಂಪಾ?"

"ಹಸಿರು" ಎಂದಳು ನೇವಿಯಾ. "ನನ್ನದು."

ಆರರಲ್ಲಿ ಮೂರು ಸಡಿಲ. ನೇವಿಯಾ ಸುರಂಗದ ನೆಲದ ಮೇಲೆ ಕೂತುಬಿಟ್ಟಳು. "ನಾನು ಬಿಗಿದಿದ್ದೆ ಮೇಸ್ತ್ರಿ. ಟಕ್ ಅಂದಿತ್ತು. ನನ್ನಾಣೆ, ಒಂದೊಂದಕ್ಕೂ ಟಕ್ ಅಂದಿದ್ದು ಕೇಳಿದ್ದೆ."

"ಕೇಳಿರ್ತೀಯ. ಯಾರ ಸ್ಪ್ಯಾನರಿಂದು?"

ನೇವಿಯಾ ತಲೆಯೆತ್ತಿದಳು.

"ಪಕ್ಕದಲ್ಲೇ ನಂದೂ ಟಕ್ ಅಂತಿತ್ತಲ್ಲ" ಎಂದರು ಮೇಸ್ತ್ರಿ. "ನಿನ್ನ ಕಣ್ಣು ಎಲ್ಲಿತ್ತು ಆವಾಗ?"

ಆಗ ಆ ಮಧ್ಯಾಹ್ನ ಪೂರ್ತಿಯಾಗಿ ಅವಳ ಕಣ್ಣಮುಂದೆ ಬಂತು. ಅವರ ಸ್ಪ್ಯಾನರು ಜಾರಿದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಈ ಸಲ ಕೂರಲಿ, ಈ ಸಲ ಕೂರಲಿ ಎಂದು ಅವರ ಬೆರಳನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಕೊನೆಗೆ ಟಕ್ ಎಂದಾಗ ಅವಳ ಜೀವ ತಣ್ಣಗಾಗಿ, ತನ್ನದೂ ಆಯಿತೆಂದು ಸ್ಪ್ಯಾನರು ಎತ್ತಿ ಮುಂದಿನ ಬೋಲ್ಟಿಗೆ ಹೋಗುತ್ತಿದ್ದಳು. ನಾಲ್ಕು ತಿಂಗಳು ಆ ನಡುಗುವ ಕೈಯ ಮೇಲೆ ಮನಸ್ಸಿನಲ್ಲೇ ತಪ್ಪು ಹೊರಿಸಿ, ಅದನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳು. ಈಗ ಮೇಸ್ತ್ರಿಯ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

"ನೀವ್ಯಾಕೆ ನೋಡಲಿಲ್ಲ?" ಎಂದು ನೆಲ ನೋಡುತ್ತಲೇ ಕೇಳಿದಳು.

"ನನ್ನದನ್ನ ಒಂದೊಂದನ್ನೂ ಮೂರು ಮೂರು ಸಲ ಬಿಗಿದೆ. ಅಷ್ಟರಲ್ಲಿ ಕೈ ಸೋತುಹೋಯ್ತು. ನಿನ್ನದು ನೋಡೋಕೆ ಶಕ್ತಿ ಉಳೀಲಿಲ್ಲ. ಆಗಲ್ಲ ಅಂತ ನಿನಗೆ ಹೇಳೋಕೆ ನಾಚಿಕೆ ಆಯ್ತು." ಅವರು ಸ್ಪ್ಯಾನರನ್ನು ತೊಡೆಗೆ ಒರೆಸಿದರು. "ನೇವಿಯಾ ಬಿಗಿದಿದ್ದಾಳಲ್ಲ, ಇನ್ನೇನು ನೋಡೋದು ಅಂದ್ಕೊಂಡೆ. ನಾನೂ ಅಷ್ಟೇ. ಏಳು, ಮತ್ತೆ ಬಿಗಿ. ನೀನು ಮಾಡೋವಾಗ ನಾನು ಮುಟ್ಟಲ್ಲ. ಸದ್ದು ಒಂದೇ ಇರಬೇಕು."

ಅವಳು ಬಿಗಿದಳು. ಟಕ್ ಎಂದಮೇಲೆ ಪಕ್ಕಕ್ಕೆ ಸರಿದಳು. ಮೇಸ್ತ್ರಿ ತಮ್ಮ ಸ್ಪ್ಯಾನರಿಟ್ಟು ನೋಡಿದರು. ಜಾರಿತು, ಮತ್ತೆ ಇಟ್ಟರು. ತುಲ್ಲಿಯೊ ಗಡಿಯಾರ ನೋಡಲಿಲ್ಲ. ಟಕ್ ಬಂದಮೇಲೆ ಕೆಂಪು ಬಣ್ಣದ ಕುಂಚ ತೆಗೆದರು. ಕುಂಚ ನಡುಗಿ ಬಣ್ಣ ಪಟ್ಟಿಯ ಮೇಲೆಲ್ಲ ಚೆಲ್ಲಿತು. ನೇವಿಯಾ ಅವರ ಮಣಿಕಟ್ಟು ಹಿಡಿಯಲು ಕೈ ಚಾಚಿದಳು.

"ಬಿಡು. ನಿನ್ನ ಕೈ ನೋಡ್ಕೊ" ಎಂದರು ಮೇಸ್ತ್ರಿ.

ಇಡೀ ಉಂಗುರ ಮುಗಿಯಲು ಹದಿನಾರು ದಿನ ಹಿಡಿಯಿತು. ಬೇರೆಯವರ ಭಾಗಗಳಲ್ಲಿ ಇನ್ನೆರಡು ಸಡಿಲ ಸಿಕ್ಕವು, ಸಿಕ್ಕಾಗ ಯಾರೂ ಯಾರನ್ನೂ ಆಡಿಕೊಳ್ಳಲಿಲ್ಲ. ನೇವಿಯಾಳಿಗೆ ಎಚ್ಚರಿಕೆಯ ಪತ್ರ ಬಂತು. ಮೇಸ್ತ್ರಿಯ ಬೀಳ್ಕೊಡುಗೆಗೆ ನಿರ್ದೇಶಕರು ಬರಬೇಕಿತ್ತು, ಭಾಷಣ ಮಾಡಬೇಕಿತ್ತು. ಬೇರೆ ಕೆಲಸ ಬಂತಂತೆ. ಓರ್ನೆಲ್ಲಾ ಕೇಕು ಮಾಡಿದಳು, ಅಷ್ಟೇ.

ಫೆಬ್ರವರಿ ಇಪ್ಪತ್ತೆಂಟು, ಶುಕ್ರವಾರ, ಹನ್ನೊಂದು ಗಂಟೆಗೆ ಕೊನೆಯದಾಗಿ ಎಲ್ಲರೂ ಸುರಂಗದಿಂದ ಹೊರಬಂದರು. ಒಬ್ಬೊಬ್ಬರಾಗಿ ಕೀಲಿಗಳನ್ನು ಹಲಗೆಗೆ ಮರಳಿಸಿದರು. ಉಳಿದದ್ದು ಒಂದೇ ತೂತು, ಪೆರ್ತೊತ್ ಎಂದು ಬರೆದದ್ದು. ಮೇಸ್ತ್ರಿ ಕೀಲಿ ಹಿಡಿದು ಮುಂದೆ ಬಂದರು. ಕೀಲಿಯ ತುದಿ ತೂತಿನ ಈಚೆ ತಾಗಿತು, ಆಚೆ ತಾಗಿತು. ಹತ್ತು ಜನ ಉಸಿರು ಬಿಗಿಹಿಡಿದು ಆ ಕೈಯನ್ನೇ ನೋಡುತ್ತಿದ್ದರು. ನೇವಿಯಾ ನೋಡಲಿಲ್ಲ. ಅವಳು ತಲೆ ತಗ್ಗಿಸಿ, ಬಣ್ಣ ಮೆತ್ತಿದ ತನ್ನ ಬೆರಳುಗಳನ್ನು ನೋಡುತ್ತ ನಿಂತಳು. ಕೀಲಿ ಕೂತ ಸದ್ದು ಕೇಳಿತು. ಒಳಗೆ ಕರೆಂಟು ಹರಿದು ಯಂತ್ರ ಗುಂಯ್‌ಗುಟ್ಟಿತು.

ಹನ್ನೊಂದೂ ಕಾಲಿಗೆ ಕಿರಣ ಓಡತೊಡಗಿದಾಗ ಫಲಕ ಸೊನ್ನೆ ತೋರಿಸುತ್ತಿತ್ತು. ಮೇಸ್ತ್ರಿ ಅದನ್ನು ನೋಡಿ, ಕೋಟು ಹಾಕಿಕೊಂಡು, ಗುಂಡಿ ಹಾಕಲು ಕಷ್ಟಪಟ್ಟು, ಹಾಕಿ ಮುಗಿಸಿ, ಗಾಳಿಯಲ್ಲಿ ಬಸ್ಸಿನ ಕಡೆ ನಡೆದರು.

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಅದು ಮುನ್ನೂರ ಮೂವತ್ತಾರು ಮುಟ್ಟಿತು. ಕಂಟ್ರೋಲ್ ರೂಮಿನಲ್ಲಿ ಸೇರಿದ್ದವರೆಲ್ಲ ಕೂಗಿದರು. ತುಲ್ಲಿಯೊ ಬಾಟಲಿ ತಂದಿಟ್ಟ, ಆದರೆ ಮೊದಲ ಲೋಟ ತುಂಬುವವರು ಯಾರು ಎಂದು ಯಾರಿಗೂ ಹೊಳೆಯಲಿಲ್ಲ. ಅವನು ಫೋನು ಒತ್ತಿ ನೇವಿಯಾಳ ಕೈಗೆ ಕೊಟ್ಟ.

"ಮೇಸ್ತ್ರಿ, ಎರಡು ವಾರ ಆಯ್ತು."

ಆ ಕಡೆಯಿಂದ ಪ್ರಶ್ನೆ ಬಂತು.

"ಏಳನೇ ಭಾಗದ ಆ ಸಡಿಲ ಮೂರನ್ನ ಬಿಗಿದೋರು ಯಾರು?"

"ನಾನು."

"ನೋಡಿದೋರು?"

"ನೀವು, ಮೇಸ್ತ್ರಿ."

"ಹಾಗಾದ್ರೆ ಕುಡೀರಿ" ಎಂದು ಮೇಸ್ತ್ರಿ ಫೋನು ಇಟ್ಟರು.